ದಂಟಿನ ಬಣ್ಣದಲ್ಲಿ ಗಿಡದ ಗೋತ್ರ



ಮೇ ತಿಂಗಳ ರಜೆ ಮುಗಿಸಿ ಊರಿನಿಂದ ಹೊರಡುವ ದಿನ ನಿಮ್ಮ ಅಜ್ಜಿಯ ಮನೆಯಲ್ಲೂ ಈ ದೃಶ್ಯ ನಡೆದೇ ನಡೆಯುತ್ತದೆ. ಅಜ್ಜಿಯೋ ದೊಡ್ಡಮ್ಮನೋ ಗೋಣಿಚೀಲ ಬಿಡಿಸಿಕೊಂಡು ಕೂತು ಒಂದೊಂದಾಗಿ ತುಂಬಿಸುತ್ತಾರೆ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಯ ಭರಣಿ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಎಲ್ಲದರ ಮೇಲೆ ಹತ್ತಿಪ್ಪತ್ತು ತೆಂಗಿನಕಾಯಿ. "ತೆಂಗಿನಕಾಯಿ ಡೊಂಬಿವಲಿಯಲ್ಲಿ ಸಿಗುವುದಿಲ್ಲವೇ ಅಜ್ಜೀ?" ಎಂದು ನೀವು ಗೊಣಗುತ್ತೀರಿ. ಗೊಣಗುವುದರಲ್ಲಿ ತಪ್ಪೇನೂ ಇಲ್ಲ. ಥಾಣೆ ಸ್ಟೇಷನ್ನಿನಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ನಿಲ್ಲುವ ಆ ನಾಲ್ಕು ಗಳಿಗೆಯಲ್ಲಿ ಈ ಚೀಲ ಇಳಿಸಿ, ಅದನ್ನು ಮತ್ತೆ ಲೋಕಲ್ಲಿಗೆ ಏರಿಸಿದವರಿಗೇ ಅದರ ಭಾರ ಗೊತ್ತು.

2022ರ ಮೇಯಲ್ಲಿ ನಾನು ಇಳಿಸಿದ ಚೀಲದಲ್ಲಿ ಒಂಬತ್ತು ಕಾಯಿಗಳಿದ್ದವು. ಅಡುಗೆಗೆ ತಂದವಲ್ಲ. ಕುಂಬಳೆ ಸಮೀಪದ ನಮ್ಮ ಮನೆಯ ಬಚ್ಚಲ ನೀರು ಹರಿಯುವಲ್ಲಿ ಅಮ್ಮ ನೆಟ್ಟಿದ್ದ ಗೆಂದಾಳಿ ಮರದ ಕಾಯಿಗಳು ಅವು. ಗೆಂದಾಳಿ ಎಂದರೆ ನಿಮ್ಮಲ್ಲಿ ಹಲವರಿಗೆ ನಾಗರಪಂಚಮಿಯ ನೆನಪಾಗಬೇಕು. ಪಿಂಗಾರದ ಪಕ್ಕದಲ್ಲಿ ಇಡುವ, ಕೇಸರಿ ಬಣ್ಣದ ಆ ಚೆಂದದ ಸೀಯಾಳ. ಅಮ್ಮ ಹೋಗಿ ಆಗಲೇ ಆರು ವರ್ಷವಾಗಿತ್ತು. ಮನೆ ಪಾಲಾಗಿ, ಆ ಭಾಗ ಮಾರಾಟವಾಗಿ, ಕೊಂಡವರು ಅಲ್ಲಿ ಹೊಸ ಮನೆಯ ಪಂಚಾಂಗ ಹಾಕುವವರಿದ್ದರು. ಮರ ಮಳೆಗಾಲಕ್ಕೆ ಮುಂಚೆಯೇ ಉರುಳುವುದು ಖಚಿತವಿತ್ತು. ಕೊನೆಯ ಗೊನೆಯಲ್ಲಿ ಬಲಿತಿದ್ದ ಒಂಬತ್ತನ್ನು ಇಳಿಸಿಕೊಂಡು ಬಂದೆ.

ಈಗ ನನ್ನ ಪೆದ್ದುತನದ ಕಥೆ ಕೇಳಿ. ನಮ್ಮ ಅಪ್ಪ ಬೀಜದ ಕಾಯಿಯನ್ನು ಒಂದೆರಡು ತಿಂಗಳು ನೆರಳಿನಲ್ಲಿಟ್ಟು, ಆಮೇಲೆ ಪಾತಿಯಲ್ಲಿ ಇಡುತ್ತಿದ್ದರು. ಅದು ನನಗೆ ನೆನಪಿತ್ತು. ಅಪ್ಪನ ಶಾಸ್ತ್ರ ಬಿಡುವುದುಂಟೇ? ಒಂಬತ್ತನ್ನೂ ಅಡುಗೆಮನೆಯ ಲಾಫ್ಟಿಗೆ ಏರಿಸಿದೆ. ಕೆಲಸದ ಗಡಿಬಿಡಿಯಲ್ಲಿ ಎರಡು ತಿಂಗಳು ಹೋಗಿ ಮೂರಾಯಿತು. ಗಣೇಶ ಚತುರ್ಥಿಯ ಮುಂಚೆ ಲಾಫ್ಟ್ ಒರೆಸಲು ಹತ್ತಿದಾಗ ಕೆಳಗಿಳಿಸಿ ಒಂದೊಂದನ್ನೇ ಕುಲುಕಿ ನೋಡಿದೆ. ಒಂದರಲ್ಲೂ ನೀರಿನ ಸದ್ದಿಲ್ಲ. ಎಂಟೂ ಒಣಗಿ ಕೊಬ್ಬರಿ.

ಎಂಟೇ. ಒಂಬತ್ತನೆಯದು ಎಲ್ಲಿ? ನನ್ನ ಮಗಳು ಜೂನ್ ತಿಂಗಳಲ್ಲೇ ಒಂದನ್ನು ಗೆಳತಿಗೆ ತೋರಿಸಲೆಂದು ಕೆಳಗಿಳಿಸಿ, ಮತ್ತೆ ಏರಿಸುವುದಕ್ಕೆ ಸೋಮಾರಿತನ ಮಾಡಿ, ಬಾಲ್ಕನಿಯ ಮೂಲೆಯಲ್ಲಿ ಬಿಟ್ಟಿದ್ದಳು. ಪಕ್ಕದ ಮನೆಯ ಎ.ಸಿ. ನೀರು ಸದಾ ತೊಟ್ಟಿಕ್ಕುವ, ಆಮೇಲೆ ಮಳೆಯ ಎರಚಲು ಹೊಡೆಯುವ ಮೂಲೆ ಅದು. ಹಳೆಯ ಕಾಲೊರಸು ಅದರ ಮೇಲೆ ಬಿದ್ದಿತ್ತು. ಎತ್ತಿ ನೋಡಿದರೆ ತೊಟ್ಟಿನ ಬದಿಯಿಂದ ಬೆರಳುದ್ದದ ಮೊಳಕೆ! ಮಕ್ಕಳ ಸೋಮಾರಿತನದ ಬಗ್ಗೆ ಅಂದಿನಿಂದ ನಾನು ಸ್ವಲ್ಪ ಕಡಿಮೆ ಮಾತಾಡುತ್ತೇನೆ.

ನನ್ನ ತಪ್ಪು ಏನೆಂದು ಆಮೇಲೆ ತಿಳಿಯಿತು. ಅಪ್ಪನ ಲೆಕ್ಕ ನಮ್ಮ ಕರಾವಳಿಯ ಎತ್ತರದ ತೆಂಗಿಗೆ ಸರಿ. ಅದರ ಸಿಪ್ಪೆ ದಪ್ಪ, ಒಳಗಿನ ನೀರು ಬೇಗ ಆರುವುದಿಲ್ಲ. ಗೆಂದಾಳಿಯಂಥ ಗಿಡ್ಡ ತಳಿಯ ಕಾಯಿಯ ಸಿಪ್ಪೆ ತೆಳು. ಅದನ್ನು ಇಳಿಸಿದ ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳೊಳಗೆ ಮಣ್ಣಿಗೆ ಇಡಬೇಕು. ಒಳಗೆ ನೀರಿದ್ದರೆ ಮಾತ್ರ ಭ್ರೂಣಕ್ಕೆ ಜೀವ. ಭತ್ತ, ಹೆಸರು, ಅವರೆಯ ಹಾಗೆ ಒಣಗಿಸಿ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತೋಣವೆಂದರೆ ತಾಳೆಯ ಕುಲದ ಹೆಚ್ಚಿನ ಬೀಜಗಳು ಒಪ್ಪುವುದಿಲ್ಲ. ತೆಂಗು, ಅಡಿಕೆ ಮಾತ್ರವಲ್ಲ, ನಮ್ಮ ಸೊಸೈಟಿಗಳ ಗೇಟಿನ ಬಳಿ ನಿಲ್ಲಿಸುವ ಅಲಂಕಾರದ ಪಾಮ್‌ಗಳ ಬೀಜಗಳಲ್ಲೂ ಬಹುತೇಕ ಹೀಗೆಯೇ.

ಇರಲಿ. ಬದುಕಿದ ಒಂದನ್ನು ತೂತು ಕೊರೆದ ಹಳೆಯ ಬಾಲದಿಯಲ್ಲಿ, ಮರಳು ಮತ್ತು ತೆಂಗಿನ ನಾರಿನ ಪುಡಿ ತುಂಬಿ, ಮುಕ್ಕಾಲು ಹೂತು ಇಟ್ಟೆವು. ಮೊಳಕೆ ಚೂಪಾಗಿ ಮೇಲೆದ್ದಿತು. ಆಗ ಮಗಳು ಕೇಳಿದಳು: "ಅಪ್ಪಾ, ಅಜ್ಜಿಯ ಮರದ ದಂಟು ಕೇಸರಿ ಅಲ್ವಾ? ಇದು ಯಾಕೆ ಹೀಗಿದೆ?"

ನಾನು ಬಗ್ಗಿ ನೋಡಿದೆ. ಅವಳು ಹೇಳಿದ್ದು ನಿಜ. ಗೆಂದಾಳಿಯಲ್ಲಿ ಕಾಯಿ ಮಾತ್ರವಲ್ಲ, ಮಡಲಿನ ದಂಟು, ಹೊಂಬಾಳೆಯ ಕಡ್ಡಿ ಎಲ್ಲವೂ ಕೇಸರಿ. ಮೊಳಕೆಯಲ್ಲೇ ಆ ಬಣ್ಣ ಕಾಣಬೇಕು. ಇದರದ್ದೋ, ಹುಣಸೆಹುಳಿ ಕಾಣದ ಹಳೆಯ ತಾಮ್ರದ ಹಂಡೆಯ ಬಣ್ಣ. ಕಂದು, ಅದರ ಒಳಗೆ ಸ್ವಲ್ಪ ಹಸಿರು. ಒಂಬತ್ತರಲ್ಲಿ ಒಂದು ಉಳಿಯಿತು, ಅದೂ ಅಮ್ಮನ ಮರದ್ದಲ್ಲದ ಹಾಗೆ ಉಳಿಯಿತು ಎಂದು ನನಗೆ ಒಂದು ವಾರ ಮನಸ್ಸೇ ಸರಿಯಿರಲಿಲ್ಲ. ಮಗಳಿಗೆ ಏನೋ ಹೇಳಿ ತೇಲಿಸಿದೆ.

ಆ ಡಿಸೆಂಬರಿನಲ್ಲಿ ಒಂದು ಮದುವೆಗೆ ಊರಿಗೆ ಹೋದವನು ಬಿಡುವು ಮಾಡಿಕೊಂಡು ಕಾಸರಗೋಡಿನ ಕೂಡ್ಲಿಗೆ ಹೋದೆ. ಅಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯನ್ನು ನೀವು ಸಿ.ಪಿ.ಸಿ.ಆರ್.ಐ. ಎಂದರೆ ಬೇಗ ಗುರುತಿಸಬಹುದು. ನಮ್ಮ ಬಾಲ್ಯದಲ್ಲಿ ಅದು ಬಸ್ಸಿನ ಕಿಟಕಿಯಿಂದ ಕಾಣುವ ಸಾಲು ಸಾಲು ತೆಂಗಿನ ತೋಟ, ಅಷ್ಟೆ. ಅದರ ಇತಿಹಾಸ ನಿಮಗೆ ಗೊತ್ತಿರಲಿ. ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ, 1916ರಲ್ಲಿ, ಸರಕಾರ ಅಲ್ಲೂ ದಕ್ಷಿಣಕ್ಕಿರುವ ನೀಲೇಶ್ವರದಲ್ಲೂ ತೆಂಗಿನ ಸಂಶೋಧನೆಗೆಂದು ತೋಟ ಮಾಡಿತು. ನೀಲೇಶ್ವರದಲ್ಲಿ 1932ರಲ್ಲಿ ಜೆ. ಎಸ್. ಪಟೇಲ್ ಎಂಬ ವಿಜ್ಞಾನಿ ಎತ್ತರದ ತೆಂಗಿನ ಹೂವಿಗೆ ಗಿಡ್ಡ ತೆಂಗಿನ ಪರಾಗ ಹಚ್ಚಿ ಸಸಿ ಮಾಡಿದರು. ಸಸಿಗಳು ತಂದೆ ತಾಯಿ ಇಬ್ಬರಿಗಿಂತಲೂ ಚುರುಕಾಗಿ ಬೆಳೆದವು. 1937ರಲ್ಲಿ ಅವರು ಪ್ರಕಟಿಸಿದ ಈ ವಿವರವೇ ಜಗತ್ತಿನಲ್ಲಿ ತೆಂಗಿನ ಮಿಶ್ರತಳಿಯ ಹುರುಪಿನ ಬಗ್ಗೆ ಬಂದ ಮೊದಲ ವರದಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. 1970ರಲ್ಲಿ ಸಂಸ್ಥೆಗೆ ಈಗಿನ ಹೆಸರು ಬಂತು.

ಅಲ್ಲಿ ಸಸಿಮಡಿಯಲ್ಲಿ ಕಂಡದ್ದು ನನ್ನ ಕಣ್ಣು ತೆರೆಸಿತು. ಸಾಲು ಸಾಲಾಗಿ ಮೊಳೆತ ಕಾಯಿಗಳು. ಹೆಚ್ಚಿನವು ನಮ್ಮ ಬಾಲದಿಯ ಸಸಿಯದೇ ಕಂದು ಬಣ್ಣ. ನಡು ನಡುವೆ ಅಲ್ಲೊಂದು ಇಲ್ಲೊಂದು ಅಚ್ಚ ಕೇಸರಿ ದಂಟಿನವು, ನೋಡಲು ಎಷ್ಟು ಲಕ್ಷಣ! ಆದರೆ ಆ ಸಾಲಿನಿಂದ ಆರಿಸಿ ಹೊರಗಿಡುವುದು ಯಾವುದನ್ನು, ಗೊತ್ತೇ? ಆ ಲಕ್ಷಣವಾದ ಕೇಸರಿಯವನ್ನು. ಉಳಿಸಿಕೊಳ್ಳುವುದು ಕಂದು ಬಣ್ಣದವನ್ನು.

ಕಾರಣ ಹೀಗಿದೆ. ನಮ್ಮ ಗೆಂದಾಳಿಯ ಜಾತಿಗೆ ಅವರ ಭಾಷೆಯಲ್ಲಿ ಚೌಘಾಟ್ ಆರೆಂಜ್ ಡ್ವಾರ್ಫ್ ಎಂದು ಹೆಸರು. ಚೌಘಾಟ್ ಎಂದರೆ ತೃಶ್ಶೂರು ಜಿಲ್ಲೆಯ ಚಾವಕ್ಕಾಡ್, ಇಂಗ್ಲಿಷರ ನಾಲಗೆಯಲ್ಲಿ ಹಾಗಾದದ್ದು. ಇದನ್ನು ತಾಯಿಯಾಗಿಟ್ಟು, ಪಶ್ಚಿಮ ಕರಾವಳಿಯ ಎತ್ತರದ ತೆಂಗನ್ನು ತಂದೆಯಾಗಿಸಿ ಪಡೆದ ಮಿಶ್ರತಳಿಗೆ 'ಚಂದ್ರ ಸಂಕರ' ಎಂದು ಹೆಸರಿಟ್ಟು 1985ರಲ್ಲಿ ಬಿಡುಗಡೆ ಮಾಡಿದರು. ನೀರು ಗೊಬ್ಬರ ಸರಿಯಾಗಿ ಕೊಟ್ಟರೆ ನಾಲ್ಕೈದು ವರ್ಷಕ್ಕೇ ಹೊಂಬಾಳೆ ಬಿಡುತ್ತದೆ, ವರ್ಷಕ್ಕೆ ನೂರು ಕಾಯಿ ದಾಟುತ್ತದೆ. ಈ ಬೀಜ ಪಡೆಯಲು ತಾಯಿಮರದ ಹೊಂಬಾಳೆ ಒಡೆದ ಕೂಡಲೇ ಅದರ ಗಂಡು ಹೂಗಳನ್ನೆಲ್ಲ ಉದುರಿಸಿ ತೆಗೆಯಬೇಕು. ಆಮೇಲೆ ಎತ್ತರದ ಮರದಿಂದ ತಂದ ಪರಾಗವನ್ನು ಹೆಣ್ಣು ಹೂಗಳಿಗೆ ಹಚ್ಚಬೇಕು. ಎಷ್ಟು ಜಾಗ್ರತೆ ಮಾಡಿದರೂ ಗೆಂದಾಳಿಯದೇ ಪರಾಗ ಎಲ್ಲೋ ತಗಲಿಬಿಡುತ್ತದೆ. ಕಾಯಿ ನೋಡಿದರೆ ಏನೂ ತಿಳಿಯುವುದಿಲ್ಲ, ಅದು ತಾಯಿಯ ಬಣ್ಣದ್ದೇ. ಒಳಗಿನ ಮರಿ ಯಾರದ್ದೆಂದು ಹೇಳುವುದು ಮೊಳಕೆ. ತಾಯಿಯ ಪರಾಗದಿಂದಲೇ ಆದದ್ದಾದರೆ ದಂಟು ಕೇಸರಿ. ಹಸಿರು ಜಾತಿಯ ತಂದೆಯದ್ದಾದರೆ, ಕೇಸರಿ ಹಸಿರು ಎರಡೂ ಸೇರಿ ದಂಟು ಕಂದು. ಸೂಕ್ಷ್ಮದರ್ಶಕ ಬೇಡ, ಪ್ರಯೋಗಶಾಲೆ ಬೇಡ. ನಡೆಯುತ್ತಾ ಕಣ್ಣಿನಲ್ಲೇ ಆರಿಸಬಹುದು. ತಾಯಿಯಾಗಿ ಕೇಸರಿ ಅಥವಾ ಹಳದಿ ಗಿಡ್ಡ ತಳಿಗಳು ಅನುಕೂಲ ಎನ್ನುವುದು ಇದಕ್ಕೇ. ತಾಯಿ ಗಿಡ್ಡ ಹಸಿರು ಜಾತಿಯದ್ದಾದರೆ ಮೊಳಕೆಯಲ್ಲಿ ಈ ಸುಳಿವು ಸಿಗುವುದಿಲ್ಲ.

ಹಾಗಾದರೆ ನಮ್ಮ ಬಚ್ಚಲ ಬದಿಯ ಮರಕ್ಕೆ ಪರಾಗ ಹಚ್ಚಿದವರು ಯಾರು? ಸಾಮಾನ್ಯವಾಗಿ ಗಿಡ್ಡ ತೆಂಗಿನಲ್ಲಿ ಒಂದೇ ಹೊಂಬಾಳೆಯ ಗಂಡು ಹೂ, ಹೆಣ್ಣು ಹೂಗಳ ಕಾಲ ಒಂದರ ಮೇಲೊಂದು ಬರುವುದರಿಂದ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಎತ್ತರದ ತೆಂಗಿನಲ್ಲಿ ಗಂಡು ಹೂಗಳು ಉದುರಿ ಮುಗಿದ ಮೇಲೆ ಹೆಣ್ಣು ಹೂ ಅರಳುವುದು, ಹಾಗಾಗಿ ಅದಕ್ಕೆ ಬೇರೆ ಹೊಂಬಾಳೆಯ ಪರಾಗ ಬರಬೇಕು. ಆದರೆ ಗಿಡ್ಡ ತೆಂಗಿನಲ್ಲೂ ಇದು ನೂರಕ್ಕೆ ನೂರು ಅಲ್ಲ. ಜೇನುನೊಣ ಬರುತ್ತದೆ, ಗಾಳಿ ಬೀಸುತ್ತದೆ. ನಮ್ಮ ಮನೆಯ ಆಸುಪಾಸಿನಲ್ಲಿ ಇದ್ದ ಎತ್ತರದ ಮರಗಳೆಂದರೆ ಬೇಲಿಯಾಚೆಯವರ ಬಾವಿಕಟ್ಟೆಯ ಹತ್ತಿರದ ಎರಡೇ. ಆ ಮನೆಯವರಿಗೂ ನಮಗೂ ಗಡಿಯ ಕಲ್ಲಿನ ವಿಷಯದಲ್ಲಿ ಇಪ್ಪತ್ತು ವರ್ಷದಿಂದ ಮಾತಿರಲಿಲ್ಲ! ದೊಡ್ಡವರು ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದಾಗ ಜೇನುನೊಣಗಳು ತಮ್ಮ ಪಾಡಿಗೆ ಬೇಲಿ ದಾಟಿ ಸಂಬಂಧ ಬೆಳೆಸಿದ್ದವು.

ಇಷ್ಟು ಓದಿ ನಿಮ್ಮಲ್ಲಿ ಕೆಲವರಿಗಾದರೂ ಮೊಳಕೆ ಬರಿಸುವ ಹುಚ್ಚು ಹತ್ತಿದರೆ ನನಗೆ ಸಂತೋಷ. ತೆಂಗಿಗೆ ಊರಿನ ದಾರಿ ಕಾಯಬೇಕು. ಆದರೆ ಬಣ್ಣದ ತಾಳೆಗಳ ಬೀಜ ನಿಮ್ಮ ಮನೆಯ ಸುತ್ತಲೇ ಉದುರಿ ಬಿದ್ದಿರುತ್ತದೆ. ವಾಶಿಯಿಂದ ಬೇಲಾಪುರದವರೆಗಿನ ರಸ್ತೆಗೆ ಪಾಮ್ ಬೀಚ್ ಎಂದೇ ಹೆಸರು. ನೆರೂಳ್, ಖಾರ್‌ಘರ್, ಘೋಡ್‌ಬಂದರ್ ರಸ್ತೆಯ ಹೊಸ ಸೊಸೈಟಿಗಳಲ್ಲಿ ಪಾಮ್ ಇಲ್ಲದ ಗೇಟು ಕಡಿಮೆ. ಮಾಲಿಯನ್ನು ಒಂದು ಮಾತು ಕೇಳಿ, ನೆಲಕ್ಕೆ ಬಿದ್ದ ಹಣ್ಣನ್ನು ಮಾತ್ರ ಆರಿಸಿ.

ಎಲ್ಲಕ್ಕಿಂತ ಸುಲಭ, ನರ್ಸರಿಯವರು 'ಅರೇಕಾ ಪಾಮ್' ಎಂದು ಮಾರುವ ಗಿಡ. ಹೆಸರು ಕೇಳಿ ಮೋಸಹೋಗಬೇಡಿ, ಇದಕ್ಕೂ ನಮ್ಮ ಅಡಿಕೆಗೂ ಬರೀ ಕುಲದ ನೆಂಟಸ್ತನ. ಅಡಿಕೆ ಬೆಳೆಯುವ ಮನೆಯಿಂದ ಬಂದ ನಮ್ಮ ಸಂಘದ ಹಿರಿಯರೊಬ್ಬರು ನರ್ಸರಿಯವನ ಹತ್ತಿರ "ಇದು ಅಡಿಕೆ ಅಲ್ಲ ಮಾರಾಯ" ಎಂದು ಅರ್ಧ ಗಂಟೆ ವಾದಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದು ಮಡಗಾಸ್ಕರ್ ದ್ವೀಪದ್ದು. ಹಣ್ಣು ಹಸಿರಿನಿಂದ ಹಳದಿಗೆ ತಿರುಗಿ ಮಾಗುತ್ತದೆ, ಇನ್ನೂ ಬಿಟ್ಟರೆ ಕಪ್ಪು ನೇರಳೆ. ಬಿಸಿಲಿನಲ್ಲಿ ಬೆಳೆದ ಗಿಡದ ದಂಟು ಚಿನ್ನದ ಹಳದಿ, ನೆರಳಿನಲ್ಲಿ ಬೆಳೆದದ್ದರದು ಬರೀ ಹಸಿರು. ಒಂದೇ ಗೊಂಚಲಿನ ಬೀಜದಿಂದ ಎರಡು ಸಸಿ ಮಾಡಿ ಒಂದನ್ನು ಬಾಲ್ಕನಿಯಲ್ಲಿ, ಇನ್ನೊಂದನ್ನು ಹಾಲಿನಲ್ಲಿ ಇಟ್ಟು ನೋಡಿ. ಇಲ್ಲಿ ಬಣ್ಣ ಗೋತ್ರದ್ದಲ್ಲ, ಬೆಳೆದ ಜಾಗದ್ದು.

ನವಿ ಮುಂಬಯಿಯ ಸೊಸೈಟಿಗಳಲ್ಲಿ ನರಿಬಾಲದಂತೆ ತುಂಬಿದ ಗರಿಯ ಫಾಕ್ಸ್‌ಟೇಲ್ ಪಾಮ್ ಕಂಡಿರಬಹುದು. ಅದರ ಹಣ್ಣು ಕಿತ್ತಳೆಗೆಂಪು, ಕೋಳಿಮೊಟ್ಟೆಗಿಂತ ತುಸು ಚಿಕ್ಕದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಕೇಪ್ ಮೆಲ್ವಿಲ್ ಎಂಬ ಒಂದೇ ಕಡೆ ಕಾಡಿನಲ್ಲಿ ಬೆಳೆಯುವ ಮರ ಇದು. ಸಸ್ಯಶಾಸ್ತ್ರಜ್ಞರು ಇದಕ್ಕೆ ಹೆಸರಿಟ್ಟದ್ದೇ 1983ರಲ್ಲಿ. ಚೆಂದವೆಂದು ಸುದ್ದಿಯಾದದ್ದೇ ತಡ, ಅಲ್ಲಿನ ರಾಷ್ಟ್ರೀಯ ಉದ್ಯಾನದಿಂದ ಬೀಜ ಕದಿಯುವವರು ಹುಟ್ಟಿಕೊಂಡರು. ಇಂದು ಅದೇ ಬೀಜ ನಮ್ಮ ಕಾರು ನಿಲ್ಲಿಸುವ ಜಾಗದಲ್ಲಿ ಚಕ್ರಕ್ಕೆ ಸಿಕ್ಕಿ ಪುಡಿಯಾಗುತ್ತದೆ.

ಬಣ್ಣದ ಸಸಿಯ ನಿಜವಾದ ಚೆಲುವು ನೋಡಬೇಕಾದರೆ ಲಟಾನಿಯಾ ಎಂಬ ಬೀಸಣಿಗೆ ಎಲೆಯ ತಾಳೆಗಳನ್ನು ನೋಡಬೇಕು. ಹಿಂದೂ ಮಹಾಸಾಗರದ ಮೂರು ದ್ವೀಪ, ಮೂರು ಬಣ್ಣ. ರೀಯೂನಿಯನ್ನಿನದು ಕೆಂಪು, ಮಾರಿಷಸ್‌ನದು ನೀಲಿ, ರೋಡ್ರಿಗಸ್‌ನದು ಹಳದಿ. ಕೆಂಪು ಲಟಾನಿಯಾದ ಪುಟ್ಟ ಸಸಿಯ ದಂಟು, ಎಲೆಯ ಅಂಚು, ನರ ಎಲ್ಲ ಕುಂಕುಮದ ಬಣ್ಣ. ದೊಡ್ಡದಾಗುತ್ತಾ ಅದು ಮಾಸಿ ಬೂದುಹಸಿರಿಗೆ ತಿರುಗುತ್ತದೆ. ನಮ್ಮ ಮಾವಿನ ಎಳೆ ಚಿಗುರು ಕೆಂಪಾಗಿದ್ದು ಆಮೇಲೆ ಹಸಿರಾಗುತ್ತದಲ್ಲ, ಹಾಗೆ. ಮಲಯ, ಬೋರ್ನಿಯೋ ಕಡೆಯ ಲಿಪ್‌ಸ್ಟಿಕ್ ಪಾಮಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ಸಸಿ ಸಾಧಾರಣ ಹಸಿರು. ವರ್ಷಗಟ್ಟಲೆ ನೀರು ಆರದಂತೆ ಸಾಕಿದ ಮೇಲೆ ಕಾಂಡಕ್ಕೆ ಅರಗಿನ ಕೆಂಪು ಬರುತ್ತದೆ. ತಾಳ್ಮೆಯಿದ್ದವರು ಮಾತ್ರ ಅದಕ್ಕೆ ಕೈಹಾಕಿ. ಲಟಾನಿಯಾದಲ್ಲಿ ಇನ್ನೊಂದು ತಮಾಷೆಯಿದೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ತಮ್ಮ ತಮ್ಮ ದ್ವೀಪಗಳಲ್ಲಿ ಸಮುದ್ರ ಅಡ್ಡವಿತ್ತು. ತೋಟಗಳಲ್ಲಿ ಮೂರನ್ನೂ ಹತ್ತಿರ ಹತ್ತಿರ ನೆಟ್ಟಾಗ ಸಲೀಸಾಗಿ ಬೆರೆತುಹೋಗುತ್ತವೆ. ಆದ್ದರಿಂದ ತೋಟದಲ್ಲಿ ಆರಿಸಿದ ಬೀಜ ಅಚ್ಚ ಕೆಂಪು ಜಾತಿಯದ್ದೆಂದು ಯಾರೂ ಆಣೆಯಿಟ್ಟು ಹೇಳುವಂತಿಲ್ಲ.

ಬೆರೆಯಲು ಯಾರೂ ಇಲ್ಲದ್ದರ ಗತಿ ಏನೆಂಬುದೂ ಅದೇ ಮಾರಿಷಸ್‌ನಲ್ಲಿದೆ. ಕ್ಯೂರ್‌ಪಿಪ್ ಊರಿನ ಸಸ್ಯೋದ್ಯಾನದಲ್ಲಿ ಹಯೋಫೋರ್ಬೆ ಅಮರಿಕಾಲಿಸ್ ಎಂಬ ತಾಳೆಯ ಒಂದೇ ಒಂದು ಮರ ಉಳಿದಿದೆ. ಇಡೀ ಜಗತ್ತಿನಲ್ಲಿ ಆ ಜಾತಿಯದ್ದು ಅದೊಂದೇ. ಅದರಲ್ಲಿ ಗಂಡು ಹೂ, ಹೆಣ್ಣು ಹೂಗಳು ಬೇರೆ ಬೇರೆ ಸಮಯಕ್ಕೆ ಅರಳುವುದರಿಂದ ತನಗೆ ತಾನೇ ಪರಾಗ ಹಚ್ಚಿಕೊಳ್ಳಲಾರದು.

ಬೀಜ ಮೊಳೆಯಿಸುವ ವಿಧಾನ ದೊಡ್ಡ ವಿದ್ಯೆಯೇನಲ್ಲ. ಹಣ್ಣಿನ ತಿರುಳನ್ನು ಪೂರ್ತಿ ತಿಕ್ಕಿ ತೆಗೆಯಿರಿ. ಬೈನೆ ಮರದ ಹಣ್ಣನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಇಲ್ಲಿನವರು ಭೇರ್ಲಿ ಮಾಡ್ ಎನ್ನುವುದು ಅದಕ್ಕೇ. ಅದರ ತಿರುಳಿನಲ್ಲಿ ಸೂಜಿಯಂಥ ಹರಳುಗಳಿರುವುದರಿಂದ ಚರ್ಮ ಉರಿದು ತುರಿಸುತ್ತದೆ, ಕೆಸುವಿನ ಹಾಗೆ. ತೊಳೆದ ಬೀಜವನ್ನು ಎರಡು ದಿನ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ. ಆಮೇಲೆ ತೆಂಗಿನ ನಾರಿನ ಪುಡಿಯನ್ನು ಒದ್ದೆ ಮಾಡಿ, ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು ಅನ್ನುವಷ್ಟು ಹದಕ್ಕೆ ತಂದು, ಬೀಜದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಮೇಲಿಡಿ. ಒಳಗಲ್ಲ, ಮೇಲೆ! ಈ ಬೀಜಗಳಿಗೆ ಬೇಕಾದದ್ದು ಸೆಕೆ, ಡೊಂಬಿವಲಿ ಕಲ್ಯಾಣದಲ್ಲಿ ಅದಕ್ಕೇನು ಬರ? ಚೀಲದ ಮೇಲೆ ತಾರೀಕು ಬರೆಯುವುದನ್ನು ಮರೆಯಬೇಡಿ. ಅರೇಕಾ ಪಾಮ್ ಒಂದೆರಡು ತಿಂಗಳಲ್ಲಿ ಮೊಳೆಯುತ್ತದೆ. ಫಾಕ್ಸ್‌ಟೇಲ್ ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಿಸುತ್ತದೆ. ಲಟಾನಿಯಾ, ಖರ್ಜೂರ, ತಾಟಿನಿಂಗಿನ ತಾಳೆಗಳು ಬೀಜದಿಂದ ಒಂದು ಹುರಿಯನ್ನು ಮೊದಲು ಕೆಳಕ್ಕೆ ಇಳಿಸಿ, ಅದರ ತುದಿಯಿಂದ ಗಿಡ ಮೇಲೆ ಕಳಿಸುತ್ತವೆ. ಇವಕ್ಕೆ ಆಳದ ಕುಂಡ ಬೇಕು. ಮೊಳೆತ ಮೇಲೆ ಬೀಜವನ್ನು ಕಿತ್ತು ಬಿಸಾಡಬೇಡಿ. ಸಸಿಯ ಬುತ್ತಿ ಅದರಲ್ಲಿದೆ.

ಇನ್ನು ನಮ್ಮ ಸ್ವಂತ ಅಡಿಕೆ. ಅದರ ಬೀಜಕ್ಕೂ ಒಂದು ಪರೀಕ್ಷೆಯಿದೆ. ಚೆನ್ನಾಗಿ ಹಣ್ಣಾದ ಗೋಟುಗಳನ್ನು ಬಾಲದಿ ನೀರಿಗೆ ಹಾಕಿ. ತೊಟ್ಟು ಮೇಲಾಗಿ ನೇರ ನಿಂತು ತೇಲುವಂಥವನ್ನು ಆರಿಸಿ, ಅವುಗಳ ಸಸಿ ಗಟ್ಟಿ. ಸಿಪ್ಪೆ ಸುಲಿಯದೆ, ಒಣಗಿಸದೆ, ತೊಟ್ಟು ಮೇಲಾಗಿ ಮರಳಿನಲ್ಲಿ ಹೂತು ದಿನಾ ನೀರು ಹಾಕಿದರೆ ಒಂದೂವರೆ ತಿಂಗಳಿನಿಂದ ಮೊಳಕೆ ಏಳಲು ಶುರು. ಮೊದಲ ಎಲೆಯೇ ಮೀನಿನ ಬಾಲದಂತೆ ಎರಡು ಸೀಳು. ವಿಟ್ಲದ ಸಂಶೋಧನಾ ಕೇಂದ್ರ 1972ರಲ್ಲಿ ಹೊರತಂದ 'ಮಂಗಳ' ತಳಿ ನಿಮ್ಮ ಅಜ್ಜನ ತೋಟದಲ್ಲೂ ಇದ್ದೀತು. ಅದರ ಮೂಲ ಚೀನಾ ಎಂದರೆ ಅಜ್ಜ ಒಪ್ಪುತ್ತಾರೋ ಇಲ್ಲವೋ!

ಆದರೆ ಅಡಿಕೆಯಲ್ಲಿ ಯಾರೂ ನೋಡಲು ಬಯಸದ ಒಂದು ಬಣ್ಣವಿದೆ. ಸುಳ್ಯದ ಸಂಪಾಜೆ, ಅರಂತೋಡು ಕಡೆ ಅಥವಾ ಶೃಂಗೇರಿ ಕಡೆ ನಿಮ್ಮ ಊರಾದರೆ ನೀವು ಅದನ್ನು ಕಂಡಿದ್ದೀರಿ. ಸೋಗೆಯ ತುದಿಯಿಂದ ಶುರುವಾಗಿ ಇಡೀ ಮರಕ್ಕೆ ಹರಡುವ ಹಳದಿ. ಕೇರಳದಲ್ಲಿ 1914ರಲ್ಲೇ ಕಂಡ ಹಳದಿ ಎಲೆ ರೋಗಕ್ಕೆ ಇಂದಿಗೂ ವಾಸಿ ಮಾಡುವ ಔಷಧವಿಲ್ಲ. ವಿದ್ಯಾಭ್ಯಾಸದ ಫೀಸು, ಮದುವೆಯ ಖರ್ಚು ಎಲ್ಲ ಕೊಡುತ್ತಿದ್ದ ತೋಟಗಳು ಬೋಳಾಗಿವೆ. ನಮ್ಮ ಮುಂಬಯಿ ಕಡೆಗೆ ಕೆಲಸ ಹುಡುಕಿಕೊಂಡು ಬಂದ ಹುಡುಗರಲ್ಲಿ ಅಂಥ ತೋಟದವರೂ ಇದ್ದಾರೆ. ಸುತ್ತಲೂ ಎಲ್ಲ ಹಳದಿಯಾದಾಗಲೂ ನಡುವೆ ಒಂದೆರಡು ಮರ ಹಸಿರಾಗಿ ನಿಂತಿರುವುದುಂಟು. ವಿಜ್ಞಾನಿಗಳು ಅಂಥವನ್ನೇ ಹುಡುಕಿ ಗುರುತು ಮಾಡಿ, ಅವುಗಳಿಂದ ಸಸಿ ಎಬ್ಬಿಸಲು ಪ್ರಯತ್ನಿಸುತ್ತಿದ್ದಾರೆ. ಬೀಜದಿಂದ ಮಾತ್ರವಲ್ಲ, ಎಳೆಯ ಹಿಂಗಾರದ ತುಣುಕಿನಿಂದ ಬಾಟಲಿಯಲ್ಲೂ. ನಿಮ್ಮ ತೋಟದಲ್ಲಿ ಹಾಗೆ ಉಳಿದ ಮರವಿದ್ದರೆ ಮನೆಯವರಿಗೆ ಕಡಿಯಬೇಡಿ ಎನ್ನಿ. ಸಂಸ್ಥೆಗೆ ಒಂದು ಕಾಗದ ಬರೆಸಿ. ಮತ್ತೆ, ರೋಗದ ತೋಟದಿಂದ ಸಸಿಯನ್ನಾಗಲೀ ಮಣ್ಣನ್ನಾಗಲೀ ಬೇರೆಡೆಗೆ ಒಯ್ಯಬೇಡಿ.

ನಮ್ಮ ಬಾಲದಿಯ ಸಸಿಯ ವಿಷಯಕ್ಕೆ ಬರೋಣ. ತೆಂಗಿನ ಸಸಿ ಸುಮಾರು ಒಂದು ವರ್ಷ ಕಾಯಿಯೊಳಗಿನ ತಿರುಳನ್ನೇ ಉಂಡು ಬೆಳೆಯುತ್ತದೆ. ಆಮೇಲೆ ಅದಕ್ಕೆ ನೆಲ ಬೇಕು, ಬಾಲ್ಕನಿ ಸಾಲದು. 2023ರ ಮಳೆಗಾಲದಲ್ಲಿ ಸೊಸೈಟಿಯ ಮೀಟಿಂಗಿನಲ್ಲಿ ವಿಷಯ ಇಟ್ಟೆ. ಕಾಯಿ ಬಿದ್ದು ಕಾರಿನ ಗಾಜು ಒಡೆದರೆ ಯಾರು ಜವಾಬ್ದಾರಿ ಎಂದು ಒಬ್ಬರು. ಬೇರು ಟ್ಯಾಂಕಿಗೆ ನುಗ್ಗುತ್ತದೆ ಎಂದು ಇನ್ನೊಬ್ಬರು. ಮೂರು ಮೀಟಿಂಗು ಕಳೆಯಿತು. ಕೊನೆಗೆ ಕೆಳಮನೆಯ ಮರಾಠಿ ಅಜ್ಜಿಯೊಬ್ಬರು, ಕೊಂಕಣದವರು, "ನಾರಳಿ ಪೂರ್ಣಿಮೆ ಬಂತು, ನಾರಳ ನೆಡಲು ಬೇಡ ಅನ್ನುತ್ತೀರಾ?" ಎಂದದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಪಂಪುಮನೆಯ ಹಿಂದೆ, ಕಾರು ಬಾರದ ಮೂಲೆಯಲ್ಲಿ, ಆ ವಾರದ ಭಾನುವಾರ ನೆಟ್ಟೆವು. ಗುಂಡಿ ತೋಡಿದ್ದು ಮಗಳು ಮತ್ತು ಅವಳ ಗೆಳತಿಯರು.

ಬೇಲಿಯಾಚೆಯ ಮನೆಯ ಮೊಮ್ಮಗ ಈಗ ಕಲ್ಯಾಣದಲ್ಲಿದ್ದಾನೆ, ಇಂಜಿನಿಯರು. ಸಂಘದ ಯಕ್ಷಗಾನದ ರಾತ್ರಿ ಚಹಾದ ಸಾಲಿನಲ್ಲಿ ಎದುರಾದ. ಇಬ್ಬರಿಗೂ ಸ್ವಲ್ಪ ಇರಿಸುಮುರಿಸು. ಏನು ಮಾತಾಡುವುದೆಂದು ತೋಚದೆ, "ನಿಮ್ಮ ಬಾವಿಕಟ್ಟೆಯ ಮರದ ಮಗು ನಮ್ಮ ಕಂಪೌಂಡಿನಲ್ಲಿದೆ" ಎಂದೆ. ಹುಚ್ಚನನ್ನು ನೋಡುವ ಹಾಗೆ ನೋಡಿದ. ಕಥೆ ಹೇಳಿದ ಮೇಲೆ ಒಂದು ಭಾನುವಾರ ನೋಡಲು ಬಂದ. ಬರುವಾಗ ಕೈಯಲ್ಲಿ ಸಿಹಿಯ ಪೊಟ್ಟಣ ತಂದಿರಲಿಲ್ಲ, ಐದು ಕಿಲೋ ಬೇವಿನ ಹಿಂಡಿ ತಂದಿದ್ದ. ಬುಡ ಬಿಡಿಸಿ ಇಬ್ಬರೂ ಹಾಕಿದೆವು.

ಹೊಂಬಾಳೆ ಇನ್ನೂ ಬಂದಿಲ್ಲ. ಮಡಲುಗಳು ಪಂಪುಮನೆಯ ಸೂರನ್ನು ಮುಟ್ಟಿವೆ, ದಂಟಿನ ಬಣ್ಣ ಈಗಲೂ ಹಳೆಯ ತಾಮ್ರದ್ದೇ. ಈ ಮೇಯಲ್ಲಿ ಊರಿಗೆ ಹೋದಾಗ ಯಾರ ಮನೆಯಲ್ಲಾದರೂ ಗೆಂದಾಳಿ ಕಂಡರೆ ಬಲಿತ ಎರಡು ಕಾಯಿ ಕೇಳಿ ಪಡೆದುಕೊಳ್ಳಿ. ಕಿವಿಯ ಹತ್ತಿರ ಹಿಡಿದು ಕುಲುಕಿ ನೋಡಿ. ನೀರಿನ ಸದ್ದು ಬಂದರೆ, ದಯವಿಟ್ಟು, ಲಾಫ್ಟಿಗೆ ಮಾತ್ರ ಏರಿಸಬೇಡಿ.